ಏಳನೆಯ ಮಾತಿನ ಬಳಿಕ: ಜೇಮ್ಸ್ ಮ್ಯಾಕ್‌ಮಿಲನ್‌ರ ಶಿಲುಬೆಯ ಸಂಗೀತ

ಸ್ಕಾಟ್ಲೆಂಡಿನ ಕಥೋಲಿಕ ಸಂಗೀತರಚನಕಾರ ಜೇಮ್ಸ್ ಮ್ಯಾಕ್‌ಮಿಲನ್ (ಜನನ 1959) ಎಡಿನ್‌ಬರೋದಲ್ಲಿಯೂ ಬಳಿಕ ಡರ್ಹಮ್‌ನಲ್ಲಿ ಜಾನ್ ಕ್ಯಾಸ್ಕನ್‌ರ ಬಳಿಯಲ್ಲಿಯೂ ಅಭ್ಯಾಸಮಾಡಿದವರು. ಶಿಲುಬೆಯ ಏಳು ಮಾತುಗಳನ್ನು ಕುರಿತ ಅವರ ಕೃತಿಯನ್ನು (1993) ಬರೆಯಿಸಿದ್ದು ಬಿಬಿಸಿ ಟೆಲಿವಿಷನ್. 1994ರ ಪವಿತ್ರವಾರದಲ್ಲಿ ಅದು ರಾತ್ರಿಗೊಂದು ಭಾಗದಂತೆ ಪ್ರಸಾರವಾಯಿತು.

ಕೇಳಿ ಬರೆಯಿಸಿದ ಕೃತಿ ಧ್ಯಾನವಾದೀತೇ ಎಂಬ ಸಂಶಯ ನಮಗೆ ಸಹಜ. ಆದರೆ ಇವೇ ಮಾತುಗಳಿಗೆ ಹೈಡನ್ ರಚಿಸಿದ ಸಂಗೀತವೂ ಸ್ಪೇನಿನ ಕಾದಿಸ್ ಪಟ್ಟಣದವರ ಕೋರಿಕೆಯಿಂದಲೇ ಹುಟ್ಟಿತು. ಉತ್ತರವನ್ನು ಕೃತಿಯೊಳಗೇ ಹುಡುಕಬೇಕು.

ಮ್ಯಾಕ್‌ಮಿಲನ್‌ರ ಮೊದಲ ಭಾಗದಲ್ಲಿ ಕ್ಷಮೆಯ ಪ್ರಾರ್ಥನೆಯ ಮೇಲೆ ಗರಿಗಳ ಭಾನುವಾರದ ಜಯಘೋಷ ಹೊರಳಿ ಬೀಳುತ್ತದೆ. ಈ ದಟ್ಟಣೆಯಲ್ಲಿ ಮಾತು ಕಿವಿಗೆ ಸ್ಪಷ್ಟವಾಗದು. ಇದನ್ನು ನಾವು ಕೊರತೆಯೆಂದೇ ಎಣಿಸುತ್ತೇವೆ. ಕಡೆಯ ಭಾಗ ಹಾಗಲ್ಲ. ಗಾಯಕರು ತಂದೆಯನ್ನು ಮೂರು ಸಾರಿ ಆರ್ತರಾಗಿ ಕೂಗಿ, ಆತ್ಮವನ್ನು ಒಪ್ಪಿಸಿ, ಮೌನವಾಗುತ್ತಾರೆ. ಹೈಡನ್ ಇಲ್ಲಿ ಭೂಕಂಪವನ್ನು ನುಡಿಸಿದನು. ಮ್ಯಾಕ್‌ಮಿಲನ್‌ರಲ್ಲಿ ತಂತಿವಾದ್ಯಗಳು ಮಾತ್ರ ಉಳಿದು, ಸ್ಕಾಟಿಷ್ ಶೋಕಗೀತೆಯ ಛಾಯೆಯಲ್ಲಿ ಬಹಳ ಹೊತ್ತು ಅಳುತ್ತವೆ.

ಶುಭಶುಕ್ರವಾರ ಏಳನೆಯ ಪ್ರಸಂಗ ಮುಗಿಯುತ್ತಲೇ ನಾವು ಪುನರುತ್ಥಾನಕ್ಕೆ ಧಾವಿಸುತ್ತೇವೆ. ಸಭೆಯನ್ನು ಸಮಾಧಿಯ ಮುಂದೆ ತುಸುಹೊತ್ತು ನಿಲ್ಲಿಸುವ ಧೈರ್ಯವನ್ನು ಬೋಧಕರಾದ ನಾವು ಈ ಕೃತಿಯಿಂದ ಕಲಿಯಬೇಕಾಗಿದೆ.