ತಮಟೆ ಬಡಿದವರು ನಾವು, ಸಾರಿದ ಮಾತು ಯಾರದು?

ಸಾರ್ವಜನಿಕ ಸಂಪರ್ಕ ಅನ್ನೋದು ಈಗ ವಿಶ್ವವಿದ್ಯಾಲಯಗಳಲ್ಲಿ ಒಂದು ಶಾಸ್ತ್ರ. ಜನಾಭಿಪ್ರಾಯವನ್ನು ಹೇಗೆ ರೂಪಿಸಬೇಕು ಅಂತ ಸಂಶೋಧನೆ ನಡೆಯುತ್ತೆ, ಡಾಕ್ಟರೇಟು ಸಿಗುತ್ತೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ನಾವು ಈ ಪುಸ್ತಕಗಳನ್ನು ಕೇಳುವುದಿಷ್ಟೆ: ನೀವು ಹೇಳುವ 'ಜನ' ಯಾರು? ಅದರಲ್ಲಿ ನಾವು ಇದ್ದೀವಾ?

ಈ ಶಾಸ್ತ್ರದ ಮೂಲಪುರುಷರಲ್ಲಿ ಒಬ್ಬ ಅಮೆರಿಕದ ಎಡ್ವರ್ಡ್ ಬರ್ನೇಸ್. 1923ರಲ್ಲಿ ಜನಾಭಿಪ್ರಾಯದ ಮೇಲೆ ಪುಸ್ತಕ ಬರೆದ. 1929ರಲ್ಲಿ ತಂಬಾಕು ಕಂಪನಿಯ ದುಡ್ಡು ತಿಂದು, ನ್ಯೂಯಾರ್ಕಿನ ಬೀದಿಯಲ್ಲಿ ಹೆಂಗಸರಿಂದ ಸಿಗರೇಟು ಸೇದಿಸಿ, ಇದು ಸ್ವಾತಂತ್ರ್ಯದ ಪಂಜು ಎಂದು ಸಾರಿಸಿದ. ಹೆಂಗಸರ ಬಿಡುಗಡೆಯ ಆಸೆ ಕಂಪನಿಯ ಗಲ್ಲಾಪೆಟ್ಟಿಗೆಗೆ ಬಿತ್ತು. ಆಮೇಲೆ ಬಂದ ಜೇಮ್ಸ್ ಗ್ರುನಿಗ್, ಟಾಡ್ ಹಂಟ್ 1984ರಲ್ಲಿ ನಾಲ್ಕು ಮಾದರಿಗಳನ್ನು ಹೇಳಿದರು. ನಾಲ್ಕನೆಯದರಲ್ಲಿ ಎರಡೂ ಕಡೆಯವರು ಸಮಸಮವಾಗಿ ಮಾತಾಡಿ, ಇಬ್ಬರೂ ಬದಲಾಗಬೇಕು. ಬರ್ನೇಸನಿಗಿಂತ ಇವರು ಎಷ್ಟೋ ವಾಸಿ, ಒಪ್ಪೋಣ. ಆದರೆ ಒಬ್ಬ ಜಗಲಿ ಮೇಲೆ ಕೂತು, ಇನ್ನೊಬ್ಬ ಅಂಗಳದಲ್ಲಿ ಕೈಕಟ್ಟಿ ನಿಂತಿರೋ ಕಡೆ ಸಮಸಮ ಮಾತು ಎಲ್ಲಿ ಬಂತು ಸ್ವಾಮಿ?

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಸಾರ್ವಜನಿಕ ಸಂಪರ್ಕದ ಕೆಲಸ ಮಾಡಿದವರು ನಮ್ಮವರೇ. ತಮಟೆ ಬಡಿದು ಬೀದಿಬೀದಿ ಸಾರಿದರು. ಮಾತು ಮಾತ್ರ ಊರ ಯಜಮಾನರದು. ಈ ಸಂಬಂಧವನ್ನು ಯಾವ ಮಾದರಿಗೆ ಸೇರಿಸುತ್ತೀರಿ?

ಇದೇ ಸೀಮೆಯ ಸೋಮನಾಥಪುರವನ್ನು ನೋಡಿ. ಟಿ. ನರಸೀಪುರ ತಾಲ್ಲೂಕಿನ ಈ ಊರಲ್ಲಿ ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಅಗ್ರಹಾರ ಮಾಡಿದ, 1258ರಲ್ಲಿ ಕೇಶವನ ಗುಡಿ ನಿಲ್ಲಿಸಿದ. ಊರಿಗೆ ತನ್ನ ಹೆಸರನ್ನೇ ಇಟ್ಟ, ಕಲ್ಲಿನ ಮೇಲೆ ಶಾಸನ ಬರೆಸಿದ. ಅದೂ ಪ್ರಚಾರವೇ. ರೂವಾರಿ ಮಲ್ಲಿತಮ್ಮ ವಿಗ್ರಹಗಳಲ್ಲಿ ತನ್ನ ಹೆಸರು ಕೆತ್ತಿದ, ಹಾಗಾಗಿ ಉಳಿದ. ಕಲ್ಲು ಹೊತ್ತವರನ್ನು ಇವತ್ತು ಯಾವ ಹೆಸರು ಹಿಡಿದು ಕರೆಯೋಣ?

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡಿನ ಜೊತೆ ಈ ಗುಡಿಯೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮಗೆ ಹೊಟ್ಟೆಕಿಚ್ಚಿಲ್ಲ. ಆ ಕಲ್ಲಿನಲ್ಲಿ ದುಡಿದವರ ಬೆವರೂ ಇದೆ. ಆದರೆ ವಿಶ್ವ ಪರಂಪರೆ ಸಮಿತಿಯೇ 2007ರಲ್ಲಿ ತನ್ನ ಗುರಿಗಳ ಜೊತೆ 'ಸಮುದಾಯ' ಅನ್ನೋ ಮಾತನ್ನು ಸೇರಿಸಿಕೊಂಡಿದೆ. ಹಾಗಾದರೆ ಸೋಮನಾಥಪುರದ ಸಮುದಾಯ ಯಾರು? ಗುಡಿ ಮುಂದೆ ಫೋಟೋಗೆ ನಿಲ್ಲುವವರಾ, ಸುತ್ತಲ ಬಯಲಲ್ಲಿ ಬಗ್ಗಿ ನಾಟಿ ಹಾಕುವವರಾ? ಪ್ರವಾಸಿಗಳ ಕೈಗೆ ಪ್ರಶ್ನಾವಳಿ ಕೊಟ್ಟು 'ಜನಾಭಿಪ್ರಾಯ' ಅಂತ ಬರೆದರೆ ಅದು ಅರ್ಧ ಸತ್ಯ. ಕೇರಿಗೆ ಹೋಗದ ಸಂಶೋಧನೆ ದಂಡನಾಯಕನ ಶಾಸನದ ಇನ್ನೊಂದು ಪ್ರತಿ, ಅಷ್ಟೆ.

ಬಿಟ್ಟುಹೋದವರು ತಾವೇ ಬಾಯಿ ಬಿಟ್ಟರೆ ಏನಾಗುತ್ತೆ? ಅದಕ್ಕೂ ಮೈಸೂರೇ ಸಾಕ್ಷಿ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಆ ಒಂದು ಪದ ಪತ್ರಿಕೆಗಳಲ್ಲಿ ಬೆಂಕಿಯಂತೆ ಹಬ್ಬಿತು. ಗಲಾಟೆ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಯಾಯಿತು. ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟಿದ್ದ ಆ ಮಂತ್ರಿ ಪದವಿ ಬಿಡಬೇಕಾಯಿತು. ಮಲ ಹೊರುವುದರ ವಿರುದ್ಧ ಅಷ್ಟು ದೊಡ್ಡ 'ಜನಾಭಿಪ್ರಾಯ' ಬೀದಿಗೆ ಬಂದಿತ್ತೆ?

ಬಾಬಾಸಾಹೇಬರಿಗೆ ಇದು 1920ರಲ್ಲೇ ಗೊತ್ತಿತ್ತು. 'ಮೂಕನಾಯಕ' ಶುರುಮಾಡಿದಾಗ 'ಕೇಸರಿ' ಪತ್ರಿಕೆ ದುಡ್ಡು ಕೊಡ್ತೀವಿ ಅಂದರೂ ಅದರ ಜಾಹೀರಾತು ಹಾಕಲಿಲ್ಲ. ಮಾತು ಸಾರುವ ಸಾಧನ ಯಾರ ಕೈಲಿದೆ ಅನ್ನೋದನ್ನು ಬಿಟ್ಟು ಜನಾಭಿಪ್ರಾಯದ ಶಾಸ್ತ್ರ ಬರೆಯುವವರು ಈ ಒಂದು ಸಂಗತಿಗೆ ಉತ್ತರ ಕೊಡಲಿ.

ಹಳ್ಳಿ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಈ ಶಾಸ್ತ್ರವನ್ನು ಸುಟ್ಟುಹಾಕಿ ಅಂತ ನಾವು ಹೇಳೋದಿಲ್ಲ. ಕಲಿಯಿರಿ. ಯಾರು ದುಡ್ಡು ಕೊಟ್ಟರು, ಯಾರನ್ನು ಕೇಳಿದರು, ಯಾರನ್ನು ಕೇಳಲಿಲ್ಲ, ಈ ಮೂರು ಪ್ರಶ್ನೆಗಳನ್ನು ಪ್ರತಿ ಪ್ರಬಂಧದ ಮೇಲೂ ಹಾಕಿ. ಮಕ್ಕಳನ್ನು ಗುಡಿ ತೋರಿಸಲು ಕರೆದುಕೊಂಡು ಹೋದಾಗ, ಇದನ್ನು ಕಟ್ಟಿದವರು ಎಲ್ಲಿ ಮಲಗಿದ್ದರು ಅಂತಲೂ ಕೇಳಿ. ತಮಟೆ ಬಡಿಯೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ನು ಮೇಲೆ ಸಾರುವ ಮಾತೂ ನಮ್ಮದಾಗಬೇಕು.