ಕೆಂಧೂಳಿನ ಸೀಮೆಯಲ್ಲಿ ಕಾರಿನ ಹೊಳಪು

ತುಮಕೂರಿನ ಕಾರ್ ಡೆಕೋರ್ ಅಂಗಡಿಗೆ ಹೋದರೆ ಮೂರು ತಲೆಮಾರಿನ ಡಬ್ಬಿಗಳು ಒಂದೇ ಗೂಡಿನಲ್ಲಿ ಕೂತಿರುತ್ತವೆ. ‘ಕಾರ್ನೌಬಾ’ ಎಂದು ಬರೆದುಕೊಂಡ ಗಟ್ಟಿ ಮೇಣ, ಬಾಟಲಿಯಲ್ಲಿ ಬರುವ ಪಾಲಿಮರ್ ಸೀಲೆಂಟ್, ‘9ಎಚ್’ ಎಂದು ಎದೆಯುಬ್ಬಿಸಿ ನಿಂತ ಸೆರಾಮಿಕ್. ಕೊಳ್ಳಲು ಬಂದವರ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವುದು ಜಾಸ್ತಿ ದಿನ ಹೊಳೆಯುತ್ತೆ? ಅಂಗಡಿಯವರ ಕೈ ಸಹಜವಾಗಿ ದುಬಾರಿಯದರ ಕಡೆ ಹೋಗುತ್ತದೆ. ಡಬ್ಬಿಯ ಮೇಲಿನ ತಿಂಗಳ ಲೆಕ್ಕ, ವರ್ಷದ ಲೆಕ್ಕ ಯಾವ ಊರಿನ ನೀರಿಗೆ, ಯಾವ ಊರಿನ ಧೂಳಿಗೆ ಹಾಕಿದ್ದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೆಎ-06 ನಂಬರಿನ ಕಾರಿಗೆ ಮೊದಲು ಕೇಳಬೇಕಾದದ್ದು ಅದನ್ನೇ.

ಧೂಳಿನಿಂದಲೇ ಶುರುಮಾಡಬಹುದು. ನಿಟ್ಟೂರು, ಗುಬ್ಬಿ ಕಡೆಯ ತೋಟದ ದಾರಿಗಳಲ್ಲಿ ಓಡಾಡಿ ಬಂದ ಕಾರಿನ ಮೇಲೆ ಕೂರುವ ಕೆಮ್ಮಣ್ಣಿಗೆ ಬಣ್ಣ ಕೊಟ್ಟಿರುವುದು ಕಬ್ಬಿಣದ ಆಕ್ಸೈಡ್. ತೊಂದರೆ ಇರುವುದು ಆ ಬಣ್ಣದಲ್ಲಲ್ಲ, ಅದರೊಳಗಿನ ಮರಳಿನ ಕಣದಲ್ಲಿ. ಮರಳು ಎಂದರೆ ಬಹುಪಾಲು ಸ್ಫಟಿಕಶಿಲೆ. ಮೋಸ್ ಮಾಪಕದಲ್ಲಿ ಅದರ ಗಡಸುತನ 7. ಉಕ್ಕಿನ ಚಾಕುವಿಗಿಂತ ಗಡಸು. ಅದರ ಎದುರು ನಿಲ್ಲಬೇಕಾದದ್ದು ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಕ್ಲಿಯರ್ ಕೋಟ್. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆದು ಕೆಳಗಿನ ಬಣ್ಣವನ್ನು ಕಾಯುವುದೂ ಅದೇ ಪದರ. ಬೆಳಿಗ್ಗೆ ಎದ್ದು, ಹಳೇ ಬನಿಯನ್ ತೆಗೆದುಕೊಂಡು, ಒಣಗಿದ ಧೂಳನ್ನು ಸುತ್ತಿ ಸುತ್ತಿ ಒರೆಸುವ ಶ್ರದ್ಧಾವಂತರೇ ತಮ್ಮ ಕಾರಿನ ಮೊದಲ ಶತ್ರುಗಳು. ಕಪ್ಪು ಕಾರನ್ನು ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಬಾನೆಟ್ ತುಂಬ ಕಾಣುವ ಜೇಡರ ಬಲೆಯಂಥ ಗೀರುಗಳು ವಯಸ್ಸಿನಿಂದ ಬಂದವಲ್ಲ, ಪ್ರೀತಿಯಿಂದ ಬಂದವು.

ಕುಣಿಗಲ್ಲಿನ ಹೆಸರಾಂತ ಸ್ಟಡ್ ಫಾರಂನಂಥ ಕಡೆ ಕುದುರೆಯ ಮೈಮೇಲಿನ ಮಣ್ಣು ಉದುರಿಸದೆ ಯಾರೂ ಅದರ ಕೂದಲಿಗೆ ಹೊಳಪು ಕೊಡಲು ಹೋಗುವುದಿಲ್ಲ. ಕಾರಿಗೂ ಕ್ರಮ ಅದೇ: ಮೊದಲು ಬರೀ ನೀರು ಬಿಟ್ಟು ಮಣ್ಣನ್ನು ಇಳಿಸಬೇಕು, ಆಮೇಲೆ ಕಾರಿಗೆಂದೇ ಮಾಡಿದ ಶಾಂಪೂ. ಬಕೆಟ್ ಎರಡು ಇರಬೇಕು, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಚಕ್ರ ಒರೆಸಿದ ಬಟ್ಟೆ ಬಾನೆಟ್ ಹತ್ತಬಾರದು. ಮೈಕ್ರೋಫೈಬರ್ ಬಟ್ಟೆಗೆ ಹಾಕುವ ಇನ್ನೂರು ಮುನ್ನೂರು ರೂಪಾಯಿ, ಗೂಡಿನಲ್ಲಿರುವ ಯಾವ ಡಬ್ಬಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಬಟ್ಟೆ ಒಗೆಯುವ ಪುಡಿ ಹಾಕಿ ತೊಳೆಯುವವರು ಮೇಣದ ಮಾತೇ ಎತ್ತಬೇಕಾಗಿಲ್ಲ. ಆ ಕ್ಷಾರ ಮೇಣವನ್ನು ಕಿತ್ತುಕೊಂಡೇ ಹೋಗುತ್ತದೆ.

ಇನ್ನು ಮೇಣ. ಕಾರ್ನೌಬಾ ಸಿಗುವುದು ಬ್ರೆಜಿಲ್ ದೇಶದ ಈಶಾನ್ಯದ ಒಣಪ್ರದೇಶದಲ್ಲಿ ಬೆಳೆಯುವ ಒಂದು ತಾಳೆಯ ಎಲೆಯ ಮೇಲೆ. ಬರದ ಬಿಸಿಲಿಗೆ ಎಲೆಯ ನೀರು ಆರಿಹೋಗದಂತೆ ಮರವೇ ಹೊದ್ದುಕೊಂಡ ಪದರ ಅದು. ತೆಂಗಿನ ಸೀಮೆಯವರಿಗೆ ಈ ಮರ ದೂರದ ನೆಂಟ. ಜೇನುಮೇಣ 62-64 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಕಾರ್ನೌಬಾ ಕರಗಲು 82-86 ಡಿಗ್ರಿ ಬೇಕು. ಹಾಗೆಂದು ‘ನೂರಕ್ಕೆ ನೂರು ಕಾರ್ನೌಬಾ’ ಎಂಬ ಡಬ್ಬಿಯನ್ನು ಅಕ್ಷರಶಃ ನಂಬಬೇಕಿಲ್ಲ. ಅಪ್ಪಟ ಕಾರ್ನೌಬಾ ಕಲ್ಲಿನಷ್ಟು ಗಟ್ಟಿ, ಕೈಯಲ್ಲಿ ಹಚ್ಚಲು ಆಗುವುದೇ ಇಲ್ಲ. ಎಣ್ಣೆ, ದ್ರಾವಕ, ಬೇರೆ ಮೇಣಗಳನ್ನು ಸೇರಿಸಿಯೇ ಅದನ್ನು ಡಬ್ಬಿಗೆ ತುಂಬುವುದು. 1901ರಲ್ಲಿ ಮರದ ಪೀಠೋಪಕರಣಕ್ಕೆ ಪಾಲಿಶ್ ಮಾಡುತ್ತ ಹುಟ್ಟಿದ ಮೆಗ್ವಾಯರ್ಸ್ ಇರಲಿ, 1940ರ ದಶಕದ ಶಿಕಾಗೋದಿಂದ ಬಂದ ಟರ್ಟಲ್ ವ್ಯಾಕ್ಸ್ ಇರಲಿ, ಈ ಪರಂಪರೆಯ ಡಬ್ಬಿಗಳು ಕೊಡುವ ಆಳವಾದ, ಒದ್ದೆಯಾದಂಥ ಹೊಳಪಿಗೆ ಸಾಟಿಯಿಲ್ಲ, ಅದರಲ್ಲೂ ಕಡುಬಣ್ಣದ ಕಾರುಗಳ ಮೇಲೆ. ಆದರೆ ಬಯಲಲ್ಲಿ ನಿಲ್ಲುವ ಕಾರಿನ ಮೇಲೆ ಅದರ ಆಯಸ್ಸು ಆರೆಂಟು ವಾರ. ಭಾನುವಾರದ ಬಿಡುವನ್ನು ಕಾರಿಗೇ ಕೊಡುವವರಿಗೆ ಅದು ಸುಖ, ಉಳಿದವರಿಗೆ ಹೊರೆ. ಈಗಿನ ಎಸ್‌ಯುವಿಗಳ ಕಪ್ಪು ಪ್ಲಾಸ್ಟಿಕ್ ಅಂಚಿಗೆ ತಾಗಿದರಂತೂ ಬೆಳ್ಳಗೆ ಮೆತ್ತಿಕೊಂಡು ಬಿಡಿಸಲು ಬೇಸರ ತರಿಸುತ್ತದೆ.

ಸೆರಾಮಿಕ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಹಣ ಹೋಗುತ್ತಿರುವುದು ಅಲ್ಲಿಗೆ. ಹತ್ತಿಪ್ಪತ್ತು ಸಾವಿರ ಸುರಿದು ಮಾಡಿಸಿದ ಮೇಲೆ ‘9ಎಚ್ ಸಾರ್, ಗೀರೇ ಬೀಳಲ್ಲ’ ಎಂಬ ಭರವಸೆ ಸಿಗುತ್ತದೆ. 9ಎಚ್ ಎನ್ನುವುದು ಪೆನ್ಸಿಲ್ ಸೀಸದ ಗಡಸುತನದ ಅಳತೆ. ಅಷ್ಟು ಗಡಸು ಪೆನ್ಸಿಲ್‌ನಿಂದ ಗೀಚಿದರೂ ಗುರುತು ಬೀಳುವುದಿಲ್ಲ ಎಂದಷ್ಟೇ ಅದರ ಅರ್ಥ. ಗುಬ್ಬಿಯ ದಾರಿಯಲ್ಲಿ ಹಾರುವುದು ಪೆನ್ಸಿಲ್ ಅಲ್ಲವಲ್ಲ. ಕೋಟಿಂಗ್‌ನ ದಪ್ಪವೂ ಒಂದೆರಡು ಮೈಕ್ರಾನ್ ಮಾತ್ರ. ಕಲ್ಲೇಟು ತಡೆಯಬಲ್ಲದ್ದು ಪಿಪಿಎಫ್ ಎಂಬ ದಪ್ಪನೆಯ ಫಿಲ್ಮ್. ಅದು 150ರಿಂದ 200 ಮೈಕ್ರಾನ್ ಇರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ. ‘ಟೆಫ್ಲಾನ್ ಕೋಟಿಂಗ್’ ಫಲಕಗಳಂತೂ ಇನ್ನೂ ತಮಾಷೆ. ಟೆಫ್ಲಾನ್ ಕರಗುವುದೇ 327 ಡಿಗ್ರಿಯಲ್ಲಿ. ಕಾವಲಿಗೆ ಅದನ್ನು ಅಂಟಿಸುವಾಗ ಕೊಡುವ ಶಾಖವನ್ನು ಕಾರಿಗೆ ಕೊಟ್ಟರೆ ಬಣ್ಣವೇ ಉಳಿಯದು.

ಸೆರಾಮಿಕ್‌ಗೆ ನಿಜವಾದ ಗುಣಗಳೂ ಇವೆ. ಕೊಳೆ ಬೇಗ ಬಿಡುತ್ತದೆ, ಹಕ್ಕಿ ಹಿಕ್ಕೆಯ ಆಮ್ಲವನ್ನು ಮೇಣಕ್ಕಿಂತ ಹೆಚ್ಚು ಹೊತ್ತು ತಡೆಯುತ್ತದೆ. ಅದು ಸೋಲುವುದು ತುಮಕೂರಿನ ನೀರಿನ ಎದುರು. ಬುಗುಡನಹಳ್ಳಿ ಕೆರೆಯ ಹೇಮಾವತಿ ನೀರು ಊರಿನವರ ಕುಡಿಯುವ ನೀರು. ಕಾರು ತೊಳೆಯಲು ಹೆಚ್ಚಾಗಿ ಸಿಗುವುದು ಬೋರ್ ನೀರು, ಅದು ಗಡಸು. ಸೋಲಾರ್ ಹೀಟರಿನ ಕೊಳವೆ, ಬಚ್ಚಲಿನ ನಲ್ಲಿಗಳಲ್ಲಿ ಬಿಳಿಯ ಕರಣೆ ಕಟ್ಟುವ ಅದೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಾನೆಟ್ ಮೇಲೂ ಉಳಿಯುತ್ತವೆ. ಕೋಟಿಂಗ್ ಮಾಡಿದವರು ಹೆಮ್ಮೆಯಿಂದ ವಿಡಿಯೋ ತೆಗೆದು ತೋರಿಸುವ ಮುತ್ತಿನಂಥ ಹನಿಗಳು ಇಲ್ಲಿ ಶತ್ರುಪಾಳಯ ಸೇರುತ್ತವೆ. ನೀರು ಹರಡದೆ ಉಂಡೆಗಟ್ಟಿ ನಿಂತಾಗ ಒಂದೊಂದು ಹನಿಯ ಉಪ್ಪೂ ಒಂದೊಂದು ಚುಕ್ಕೆಯಲ್ಲಿ ಒತ್ತಾಗಿ, ಏಪ್ರಿಲ್ ಬಿಸಿಲಿಗೆ ನಿಮಿಷಗಳಲ್ಲಿ ಆರಿ, ಬಿಳಿಯ ಉಂಗುರಗಳಾಗಿ ಕೂರುತ್ತದೆ. ತಾಜಾ ಕಲೆ ನೀರು ಬೆರೆಸಿದ ವಿನೆಗರ್‌ಗೆ ಬಿಡುತ್ತದೆ. ಒಳಗಿಳಿದದ್ದಕ್ಕೆ ಪಾಲಿಶ್ ಮೆಷಿನ್ ಬೇಕು, ಮೆಷಿನ್ ಬಂದರೆ ಕೋಟಿಂಗೂ ಹೋಗುತ್ತದೆ. ನೆರಳಲ್ಲಿ ತೊಳೆದು ಕೂಡಲೇ ಒಣಗಿಸುವ ಶಿಸ್ತು ಇಲ್ಲದ ಮನೆಯಲ್ಲಿ ಸೆರಾಮಿಕ್ ದುಡ್ಡು ದಂಡ.

ಹಾಗಾದರೆ ಗೂಡಿನ ನಡುವೆ ಕೂತ ಸೀಲೆಂಟ್? ಅದಕ್ಕೆ ಜಾಹೀರಾತಿನ ಅಬ್ಬರವಿಲ್ಲ, ಕಾರ್ನೌಬಾದ ಕಥೆಯೂ ಇಲ್ಲ. ಹೊಳಪು ತುಸು ಗಾಜಿನಂತೆ, ತಣ್ಣಗೆ ಕಾಣುತ್ತದೆ. ಆದರೆ ಕೆಲವು ನೂರು ರೂಪಾಯಿಯ ಬಾಟಲಿ ನಾಲ್ಕೈದು ಸಲಕ್ಕೆ ಬರುತ್ತದೆ, ಒಮ್ಮೆ ಹಚ್ಚಿದ್ದು ಮೂರು ನಾಲ್ಕು ತಿಂಗಳು ನಿಲ್ಲುತ್ತದೆ, ನೀರಿನ ಕಲೆ ಕೂತು ಹಾಳಾದರೂ ಇನ್ನೊಮ್ಮೆ ಹಚ್ಚುವಾಗ ಸಂಕಟವಾಗುವುದಿಲ್ಲ. ಬಿಳಿ, ಬೆಳ್ಳಿ ಬಣ್ಣದ ಕಾರುಗಳಿಗೆ ಈ ಹೊಳಪೇ ಹೆಚ್ಚು ಒಪ್ಪುತ್ತದೆ. ಈ ಸೀಮೆಗೆ ಆರಿಸಿಕೊಳ್ಳಬೇಕಾದದ್ದು ಇದನ್ನೇ.

ಪದರ ಯಾವುದೇ ಇರಲಿ, ಅದರ ನಿಜವಾದ ಪರೀಕ್ಷೆ ಷೋರೂಮಿನ ದೀಪದ ಕೆಳಗಲ್ಲ. ಚೇಳೂರಿನ ಹಲಸಿನ ಮರದಡಿ ಕಾರು ನಿಲ್ಲಿಸಿ ಮೇಣ ತೊಟ್ಟಿಕ್ಕಿಸಿಕೊಂಡವರಿಗೆ ಇದು ಗೊತ್ತು. ಮನೆಯಲ್ಲಿ ಹಣ್ಣು ಹೆಚ್ಚುವಾಗ ಕೈಗೆ ಸವರುವ ಕೊಬ್ಬರಿ ಎಣ್ಣೆಯೇ ಇಲ್ಲಿಯೂ ಮದ್ದು. ಮೃದುವಾಗಿ ಸವರಿ, ಬಿಟ್ಟಮೇಲೆ ಶಾಂಪೂವಿನಿಂದ ಜಿಡ್ಡು ತೆಗೆದರಾಯಿತು. ಸೀಲೆಂಟ್ ಹಚ್ಚಿದ್ದ ಕಾರಿನಲ್ಲಿ ಅದು ಸಲೀಸು, ಬೋಳು ಬಣ್ಣದಲ್ಲಿ ಉಜ್ಜಾಟ. ಮುಂಗಾರಿನ ಮೊದಲ ಮಳೆಯ ಸಂಜೆ ಕುಣಿಗಲ್ ದಾಟಿ ಮಂಗಳೂರು ಹೆದ್ದಾರಿಯಲ್ಲಿ ಹೋದವರ ಬಂಪರಿಗೆ ಅಪ್ಪಳಿಸುವ ರೆಕ್ಕೆಹುಳುಗಳದ್ದೂ ಇದೇ ಕಥೆ. ಅವು ಬಿಸಿಲೇರುವ ಮುಂಚೆ ಹೋಗಬೇಕು.

ವರ್ಷಕ್ಕೊಮ್ಮೆ ಆಯುಧಪೂಜೆ ಬರುತ್ತದೆ. ಅದರ ಮುನ್ನಾದಿನಗಳಲ್ಲಿ ವಾಟರ್ ಸರ್ವೀಸ್ ಮುಂದೆ ಸಾಲುಗಟ್ಟಿದ ಕಾರುಗಳಿಗೆ ‘ರಬ್ಬಿಂಗ್ ಪಾಲಿಶ್’ ಹೊಡೆಸುವ ಅಭ್ಯಾಸವನ್ನು ಬಿಡಲೇಬೇಕು. ಅದಕ್ಕೆ ಬಳಸುವ ರಬ್ಬಿಂಗ್ ಕಾಂಪೌಂಡ್ ಹೊಳಪನ್ನು ಹಚ್ಚುವುದಿಲ್ಲ, ಕ್ಲಿಯರ್ ಕೋಟನ್ನೇ ಒಂದಿಷ್ಟು ಸವೆಸಿ ಗೀರುಗಳನ್ನು ಸಮಮಾಡುತ್ತದೆ. ಪ್ರತಿ ದಸರೆಗೂ ಉಜ್ಜಿಸಿದ ಕಾರು ಕೆಲವೇ ವರ್ಷಗಳಲ್ಲಿ ಅಂಚುಗಳಲ್ಲಿ ಬಣ್ಣ ಬಿಡುವುದು ಅದಕ್ಕೇ. ಅದರ ಬದಲು ಚೆನ್ನಾಗಿ ತೊಳೆದು, ಹಬ್ಬಕ್ಕೆ ಒಂದು ದಿನ ಮುಂಚೆ ಸೀಲೆಂಟ್ ಹಚ್ಚಿದರೆ ಪೂಜೆಯೂ ಕಾರಿಗೆ ಹಗುರ. ಅರಿಸಿನದ ಕಲೆ ಬಿಸಿಲಿಗೆ ತಾನೇ ಮಾಸುತ್ತದೆ. ಅಗ್ಗದ ಕುಂಕುಮದ ಕೃತಕ ಬಣ್ಣ ಹಾಗಲ್ಲ, ಅದನ್ನು ಸಂಜೆಯೊಳಗೆ ತೊಳೆಯಬೇಕು. ವಿಭೂತಿಯನ್ನು ಒಣಗಿದ ಮೇಲೆ ಕೈಯಿಂದ ಉಜ್ಜಿ ತೆಗೆಯದೆ ನೀರು ಬಿಟ್ಟು ಇಳಿಸಬೇಕು. ಬಾಳೆಕಂದು, ಚೆಂಡುಹೂವಿನ ಹಾರವನ್ನು ಟೇಪು ಹಾಕಿ ಬಾನೆಟ್ಟಿಗೆ ಅಂಟಿಸುವುದಕ್ಕಿಂತ ಗ್ರಿಲ್ಲಿಗೆ ದಾರದಲ್ಲಿ ಕಟ್ಟುವುದೇ ಮೇಲು.