ಬಾರದ ಮಾಧವ: "ಜೆನ್ನಿಫರ್ಸ್ ಬಾಡಿ" ಚಿತ್ರವೂ ಅದರ ಪ್ರೇಕ್ಷಕರೂ

ಭವಭೂತಿಯ "ಮಾಲತೀಮಾಧವ"ದ ಪ್ರಸ್ತಾವನೆಯನ್ನು ಬಲ್ಲವರಿಗೆ ಆ ಕವಿಯ ನೋವು ಪರಿಚಿತವಾದುದೇ. ಸಮಕಾಲದ ಸಭೆಯು ತನ್ನನ್ನು ಮನ್ನಿಸಲಿಲ್ಲವೆಂದು ಕೊರಗಿದ ಆತನು ಮುಂಬರುವ ಸಹೃದಯನ ಮೇಲೆ ಭಾರ ಹಾಕಿ ಸಮಾಧಾನಗೊಂಡನು. ಅದೇ ನಾಟಕದ ಐದನೆಯ ಅಂಕದಲ್ಲಿ ಅಘೋರಘಂಟನೆಂಬ ಕಾಪಾಲಿಕನು ಮಂತ್ರಸಿದ್ಧಿಗಾಗಿ ಕನ್ಯೆಯಾದ ಮಾಲತಿಯನ್ನು ಚಾಮುಂಡೆಗೆ ಬಲಿಕೊಡಲು ತೊಡಗುತ್ತಾನೆ. ಮಾಧವನು ಸಮಯಕ್ಕೆ ಬಂದು ಅವಳನ್ನು ಉಳಿಸುತ್ತಾನೆ. ಬಲಿಯ ಕಥೆಯೂ ಸಭೆಯ ಅನಾದರವೂ ಒಂದೇ ಕೃತಿಯಲ್ಲಿ ಕೂಡಿದುದು ಆಕಸ್ಮಿಕವಿರಬಹುದು. ೨೦೦೯ರಲ್ಲಿ ತೆರೆಕಂಡ "ಜೆನ್ನಿಫರ್ಸ್ ಬಾಡಿ" ಎಂಬ ಅಮೆರಿಕದ ಚಲಚ್ಚಿತ್ರದಲ್ಲಿ ಇವೆರಡೂ ಮತ್ತೆ ಕೂಡಿಬಂದಿವೆ. ಮಾಧವನು ಮಾತ್ರ ಬರಲಿಲ್ಲ.

ಚಿತ್ರದ ಕಥೆಯು ಸರಳವಾದುದು. ಮಿನ್ನೆಸೋಟ ಸಂಸ್ಥಾನದ ಡೆವಿಲ್ಸ್ ಕೆಟಲ್ ಎಂಬ ಕಲ್ಪಿತವಾದ ಸಣ್ಣ ಊರಿನಲ್ಲಿ ಜೆನ್ನಿಫರ್, ನೀಡಿ ಎಂಬ ಇಬ್ಬರು ಬಾಲ್ಯಸಖಿಯರು ಪ್ರೌಢಶಾಲೆಯಲ್ಲಿ ಓದುತ್ತಿರುತ್ತಾರೆ. ಪಟ್ಟಣದಿಂದ ಬಂದ ಹಾಡುಗಾರ ತರುಣರ ಮೇಳವೊಂದು ಕೀರ್ತಿಯನ್ನು ಪಡೆಯಲೋಸುಗ ಜೆನ್ನಿಫರಳನ್ನು ಕಾಡಿಗೊಯ್ದು ಸೈತಾನನಿಗೆ ಬಲಿಕೊಡುತ್ತದೆ. ಕನ್ಯೆಯೆಂದು ಹೇಳಿಕೊಂಡರೆ ಬಿಟ್ಟಾರೆಂಬ ಆಸೆಯಿಂದ ಅವಳು ಆಡಿದ ಸುಳ್ಳೇ ಅವಳಿಗೆ ಮುಳುವಾಗುತ್ತದೆ. ವಿಧಿ ತಪ್ಪಿದ ಬಲಿಯ ಫಲವಾಗಿ ಅವಳು ಪಿಶಾಚಾವೇಶವನ್ನು ಹೊಂದಿ ಹಿಂದಿರುಗಿ, ಸಹಪಾಠಿ ಹುಡುಗರನ್ನು ಒಬ್ಬೊಬ್ಬರನ್ನಾಗಿ ಮರುಳುಮಾಡಿ ತಿನ್ನುತ್ತಾಳೆ. ಕಡೆಗೆ ಸಖಿಯೇ ಸಖಿಯನ್ನು ಕೊಲ್ಲಬೇಕಾಗುತ್ತದೆ. ಇಷ್ಟೆಲ್ಲವನ್ನೂ ಚಿತ್ರವು ಚಟಾಕಿಯ ಮಾತುಗಳೊಡನೆ, ಬೇಕೆಂದೇ ಅತಿಯಾಗಿಸಿದ ಬೆಡಗಿನೊಡನೆ ಹೇಳುತ್ತದೆ. ಕಥೆಯನ್ನು ರಚಿಸಿದ ಡಯಾಬ್ಲೊ ಕೋಡಿ ಅದಕ್ಕೆ ಮೊದಲೇ "ಜೂನೊ" ಚಿತ್ರದ ರಚನೆಗೆ ಆಸ್ಕರ್ ಪ್ರಶಸ್ತಿಯನ್ನು ಪಡೆದವಳು. ನಿರ್ದೇಶಿಸಿದವಳು ಕ್ಯಾರಿನ್ ಕುಸಾಮ. ಜೆನ್ನಿಫರಳಾಗಿ ಮೇಗನ್ ಫಾಕ್ಸಳೂ ನೀಡಿಯಾಗಿ ಅಮಾಂಡ ಸೈಫ್ರೆಡಳೂ ನಟಿಸಿದ್ದಾರೆ.

ಈ ಚಿತ್ರವನ್ನು ಮೊದಲು ನೋಡಿದವರು ಮೆಚ್ಚಲಿಲ್ಲ. ೧ ಕೋಟಿ ೬೦ ಲಕ್ಷ ಡಾಲರುಗಳ ವೆಚ್ಚದಲ್ಲಿ ತಯಾರಾದ ಅದು ತನ್ನ ದೇಶದಲ್ಲಿ ಮೊದಲ ವಾರಾಂತ್ಯದೊಳಗೆ ೭೦ ಲಕ್ಷವನ್ನೂ ಗಳಿಸಲಾರದೆ ಹೋಯಿತು. ಇದಕ್ಕೆ ಕಾರಣವನ್ನು ಹುಡುಕುವವರು ಮೊದಲು ಭಿತ್ತಿಪತ್ರಗಳನ್ನು ನೋಡಬೇಕು. ನಾಯಿಕೆಯ ಸೌಂದರ್ಯವೊಂದನ್ನೇ ಮುಂದೊಡ್ಡಿ ತರುಣರನ್ನು ಸೆಳೆಯುವುದು ಪ್ರಚಾರಕರ ಉದ್ದೇಶವಾಗಿತ್ತು. ಚಿತ್ರವಾದರೋ ಹುಡುಗಿಯರ ಸ್ನೇಹವನ್ನು ಕುರಿತು, ಹುಡುಗಿಯರಿಗಾಗಿಯೇ ರಚಿತವಾದುದೆಂದು ಅದರ ಕರ್ತೃಗಳು ತರುವಾಯ ಬಹಿರಂಗವಾಗಿ ಹೇಳಿದರು. ಶೃಂಗಾರವನ್ನು ನಿರೀಕ್ಷಿಸಿ ಬಂದವನಿಗೆ ಬೀಭತ್ಸವು ದೊರೆಯಿತು. ಭಯವನ್ನು ಬಯಸಿದವನಿಗೆ ನಗೆ ಅಡ್ಡಬಂದಿತು. ನಗಲು ಬಂದವನ ಮುಂದೆ ರಕ್ತ ಹರಿಯಿತು. ಯಾರನ್ನು ಕುರಿತು ಆಡಿದ ಮಾತೋ ಅವರಿಗೆ ಆಹ್ವಾನವೇ ತಲುಪಲಿಲ್ಲ. ಊಟದ ಮನೆಗೆ ಕರೆದವನು ಒಬ್ಬನು, ಅಡಿಗೆ ಮಾಡಿದವನು ಮತ್ತೊಬ್ಬನು ಎಂಬಂತಾಯಿತು.

ಆದರೆ ದೋಷವನ್ನೆಲ್ಲ ಪ್ರಚಾರಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿಗಳೆಂದು "ಸಾಹಿತ್ಯದರ್ಪಣ"ಕಾರನಾದ ವಿಶ್ವನಾಥನು ಎಣಿಸಿದ್ದಾನೆ. ವಿರುದ್ಧರಸಗಳು ಸೇರಲೇಬಾರದೆಂದು ಇದರ ಅರ್ಥವಲ್ಲ. ಒಂದನ್ನು ಮತ್ತೊಂದಕ್ಕೆ ಅಂಗವಾಗಿಸಿದರೆ, ಇಲ್ಲವೇ ಎರಡಕ್ಕೂ ಬೇರೆ ಬೇರೆ ಆಶ್ರಯಗಳನ್ನು ಕಲ್ಪಿಸಿದರೆ ವಿರೋಧವು ಶಮನವಾಗುವುದೆಂದು ಆನಂದವರ್ಧನನೇ ದಾರಿ ತೋರಿಸಿದ್ದಾನೆ. ಈ ಚಿತ್ರದಲ್ಲಿ ಹಾಸ್ಯವು ಎಲ್ಲಿ ಅಂಗವಾಗಿ ನಿಂತಿದೆಯೋ ಅಲ್ಲಿ ಅದು ಗೆದ್ದಿದೆ. ಬಲಿಯ ಸನ್ನಿವೇಶವೇ ಇದಕ್ಕೆ ನಿದರ್ಶನ. ಕೈಕಾಲು ಕಟ್ಟಿಸಿಕೊಂಡ ಹುಡುಗಿ ಅಳುತ್ತಿರುವಾಗ ಆ ತರುಣರು ಅವಳ ಹೆಸರುಳ್ಳ ಹಳೆಯ ಜನಪ್ರಿಯ ಗೀತೆಯೊಂದನ್ನು ಹಾಡಿ ನಗುತ್ತಾರೆ. ನಗುವಿಗೆ ಆಶ್ರಯರು ಕೊಲೆಗಡುಕರು. ಭಯಕ್ಕೆ ಆಶ್ರಯಳು ಬಲಿಪಶು. ಅವರ ನಗೆಯಿಂದಲೇ ಅವಳ ಭಯವು ಇಮ್ಮಡಿಸುತ್ತದೆ. ಅಲ್ಲಿ ಅವರೊಡನೆ ತಾನೂ ನಕ್ಕ ಪ್ರೇಕ್ಷಕನು ತಾನು ಯಾರ ಕಡೆ ನಿಂತಿರುವೆನೆಂದು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ಬೇರೆ ಕಡೆಗಳಲ್ಲಿಯಾದರೋ ಎಲ್ಲ ಪಾತ್ರಗಳೂ ಒಂದೇ ಬಗೆಯ ಚತುರೋಕ್ತಿಗಳನ್ನಾಡಿ, ಶೋಕವು ನೆಲೆಗೊಳ್ಳುವುದಕ್ಕೆ ಮೊದಲೇ ಅದನ್ನು ಚದರಿಸಿಬಿಡುತ್ತವೆ. ಮೊದಲ ಪ್ರೇಕ್ಷಕರ ಬೇಸರಕ್ಕೆ ಈ ಮಾತಿನ ಮೋಹವೂ ಕಾರಣವೆಂಬುದನ್ನು ಮರೆಮಾಚಬಾರದು.

ಕಾಲವು ಬದಲಾಯಿತು. ೨೦೧೭ರ ಅಕ್ಟೋಬರಿನಲ್ಲಿ ಅಮೆರಿಕದ ಚಿತ್ರೋದ್ಯಮದ ಪ್ರಬಲರ ಮೇಲೆ ಸ್ತ್ರೀಯರು ಆರೋಪಗಳನ್ನು ಮಾಡಿ, "ಮೀ ಟೂ" ಎಂಬ ಧ್ವನಿ ಲೋಕದಲ್ಲೆಲ್ಲ ಹರಡಿದ ಮೇಲೆ ಈ ಚಿತ್ರವನ್ನು ಅನೇಕರು ಮತ್ತೆ ನೋಡಿದರು. ತಮ್ಮ ಏಳಿಗೆಗಾಗಿ ಹುಡುಗಿಯೊಬ್ಬಳನ್ನು ಬಲಿಗೊಟ್ಟು, ಊರಿನವರಿಂದ ವೀರರೆಂದು ಕೊಂಡಾಡಿಸಿಕೊಳ್ಳುವ ಗಂಡಸರ ಕಥೆಯು ಆಗ ಬರಿಯ ಪಿಶಾಚಿಯ ಕಥೆಯಾಗಿ ಕಾಣಲಿಲ್ಲ. ೨೦೧೯ರಲ್ಲಿ ಚಿತ್ರಕ್ಕೆ ಹತ್ತು ವರ್ಷ ತುಂಬುವ ವೇಳೆಗೆ, ಹಿಂದೆ ಹಳಿದ ಪತ್ರಿಕಾಲೋಕದಲ್ಲಿಯೇ ಪ್ರಶಂಸೆಗಳು ಕಾಣಿಸಿಕೊಂಡವು. ಭವಭೂತಿಯು ಶತಮಾನಗಳಿಗೆ ಒಪ್ಪಿಸಿದ ಭಾರವನ್ನು ಇಲ್ಲಿ ಒಂದು ದಶಕವೇ ಹೊತ್ತಿತು.

ಇಲ್ಲಿಯೂ ಎಚ್ಚರಿಕೆ ಬೇಕು. ಹೊಸ ಮೆಚ್ಚುಗೆಯವರಲ್ಲಿ ಹಲವರು ಜೆನ್ನಿಫರಳನ್ನು ಸೇಡಿನ ದೇವತೆಯೆಂದು ಪೂಜಿಸತೊಡಗಿದರು. ಆದರೆ ಅವಳು ತಿಂದುದು ತನ್ನನ್ನು ಕೊಂದವರನ್ನಲ್ಲ. ಅಪರಾಧವನ್ನೇ ಅರಿಯದ ಹುಡುಗರನ್ನು, ಅವರಲ್ಲಿಯೂ ತನ್ನ ಸಖಿಯ ಪ್ರಿಯನನ್ನು. ಮೇಳದವರನ್ನು ಕಡೆಯಲ್ಲಿ ಕೊಲ್ಲುವವಳು ನೀಡಿ. ಅನ್ಯಾಯಕ್ಕೆ ಗುರಿಯಾದವಳೇ ಅನ್ಯಾಯವನ್ನು ಮುಂದುವರಿಸುವಳೆಂಬ ಕಹಿಯೂ ಈ ಕಥೆಯಲ್ಲಿದೆ. ಅದನ್ನು ಬಿಟ್ಟು ಘೋಷವಾಕ್ಯವೊಂದನ್ನಷ್ಟೇ ಹೆಕ್ಕಿಕೊಳ್ಳುವವನು, ಭಿತ್ತಿಪತ್ರವನ್ನು ನಂಬಿ ಬಂದ ಮೊದಲಿನ ಪ್ರೇಕ್ಷಕನಿಗಿಂತ ಬಹಳ ದೂರದಲ್ಲೇನೂ ನಿಂತಿಲ್ಲ. ಇಬ್ಬರೂ ತಾವು ತಂದುದನ್ನೇ ಚಿತ್ರದಲ್ಲಿ ಕಂಡವರು.

ಚಿತ್ರದ ಜೀವವಿರುವುದು ಅಂತ್ಯದ ಜಗಳದಲ್ಲಿ. ಜೆನ್ನಿಫರಳ ಕೊರಳಿನಲ್ಲಿರುವ ಸಖ್ಯದ ಸರವನ್ನು ನೀಡಿಯು ಕಿತ್ತೊಡನೆ ಪಿಶಾಚಿಯ ಬಲವೆಲ್ಲ ಕುಗ್ಗಿಹೋಗುತ್ತದೆ. ಯಾವ ಮಂತ್ರಕ್ಕೂ ಬಗ್ಗದವಳು ಸ್ನೇಹವು ಹರಿದಾಗ ಸೋಲುತ್ತಾಳೆ. ಆ ಗಳಿಗೆಯಲ್ಲಿಯೂ ಚಿತ್ರವು ಒಂದು ಚಟಾಕಿಯನ್ನು ಹಾರಿಸದೆ ಬಿಡುವುದಿಲ್ಲ. ಆದರೂ ಕರುಣವು ಉಳಿಯುತ್ತದೆ.

ಇನ್ನೊಂದು ಸೂಕ್ಷ್ಮವುಂಟು. ಕಥೆಯೊಳಗೂ ಒಂದು ಸಭೆಯಿದೆ. ಊರ ಪಾನಗೃಹಕ್ಕೆ ಬೆಂಕಿ ಬಿದ್ದು ಜನರು ಸತ್ತಾಗ, ಆ ಮೇಳದವರು ಹಲವರನ್ನು ರಕ್ಷಿಸಿದರೆಂಬ ಸುಳ್ಳನ್ನು ಊರು ನಂಬಿ ಅವರ ಹಾಡನ್ನು ತನ್ನ ಶೋಕಗೀತೆಯಾಗಿ ಮಾಡಿಕೊಳ್ಳುತ್ತದೆ. ಕಣ್ಣಾರೆ ಕಂಡ ನೀಡಿಯ ಮಾತನ್ನು ಯಾರೂ ಕೇಳುವುದಿಲ್ಲ. ಒಳಗಿನ ಸಭೆಯು ಕೊಲೆಗಡುಕರನ್ನು ವೀರರೆಂದು ತಿಳಿಯಿತು. ಹೊರಗಿನ ಸಭೆಯು ನೊಂದವಳನ್ನು ಬರಿಯ ಬೆಡಗಿಯೆಂದು ತಿಳಿಯಿತು. ಕೃತಿಯು ತನಗೆ ಒದಗಲಿದ್ದ ಅನಾದರದ ಚಿತ್ರವನ್ನು ತನ್ನೊಳಗೇ ಬರೆದಿಟ್ಟುಕೊಂಡಿತ್ತು.

ಮಾಲತಿಯನ್ನು ಉಳಿಸಲು ಮಾಧವನು ಬಂದನು. ಜೆನ್ನಿಫರಳನ್ನು ಉಳಿಸಲು ಯಾರೂ ಬರಲಿಲ್ಲ; ಅವಳ ಕಥೆಯನ್ನು ಉಳಿಸಲು ಮಾತ್ರ ಪ್ರೇಕ್ಷಕರು ತಡವಾಗಿ ಬಂದರು. ತಡವಾಗಿ ಬಂದವರು ಪೂರ್ತಿಯಾಗಿ ನೋಡುವುದೇ ಅವರು ಸಲ್ಲಿಸಬಹುದಾದ ಪ್ರಾಯಶ್ಚಿತ್ತ.